ಕರೆಂಟ್ ಹೋಯ್ತು, ಊಟಕ್ಕೇನು?

ಹೋದ ಸಂಚಿಕೇಲಿ ಮಳೆಗಾಲದ ಅಡ್ಗೆಮನೆ ಬಗ್ಗೆ ಪ್ರಶ್ನೆ ಕಳ್ಸಿ ಅಂದಿದ್ದೆ. ಪತ್ರೊಡೆ ತಿಂದ್ರೆ ಗಂಟಲು ತುರಿಸತ್ತೆ, ಹಪ್ಪಳ ಒಣಗ್ತಿಲ್ಲ, ಇಂಥದ್ದೆಲ್ಲ ಬರತ್ತೆ ಅಂತ ಕಾದ್ಕೊಂಡು ಕೂತಿದ್ರೆ ಬಂದಿದ್ದರಲ್ಲಿ ಮುಕ್ಕಾಲು ಪಾಲು ಕರೆಂಟಿನ ಗೋಳು. ಸರಿ, ಈ ಸಲ ಅದೇ ಆಗ್ಲಿ. ಹೇಗೂ ನಮ್ಮ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳೋದು ಹೆಚ್ಚಾಗಿ ಎರಡು ಹೊತ್ತಲ್ಲಿ, ಮಳೆ ಹಿಡಿಯೋ ಮುಂಚೆ ಮೇ-ಜೂನಲ್ಲಿ ಮತ್ತೆ ಮಳೆ ಬಿಟ್ಟ ಮೇಲೆ ಅಕ್ಟೋಬರ್-ನವೆಂಬರಲ್ಲಿ, ನಡುವಿನ ಮೂರು ತಿಂಗಳು ಚಂಡಮಾರುತ ಬೇಕಾಗೇ ಇಲ್ಲ, ಬರೀ ಮಳೆ ಸಾಕು ಕತ್ತಲೆ ಮಾಡೋಕೆ.

ವಸಯಿಯಿಂದ ಒಬ್ಬ ತಂಗಿ: ಅಕ್ಕಾ, ನಮ್ ಕಡೆ ಜೋರ್ ಮಳೆ ಬಂದ್ರೆ ಲೈಟ್ ಹೋಗೋದು ಗ್ಯಾರಂಟಿ. ಹೋದ ವರ್ಷ 30 ಗಂಟೆ ಇರ್ಲಿಲ್ಲ. ಫ್ರಿಡ್ಜಲ್ಲಿ ದೋಸೆ ಹಿಟ್ಟು, ಎರಡು ಲೀಟರ್ ಹಾಲು, ತುರಿದಿಟ್ಟ ಕಾಯಿ, ಹಿಂದಿನ ದಿನದ ಸಾಂಬಾರು, ಫ್ರೀಜರಲ್ಲಿ ಚಿಕನ್ನು, ಬಂಗಡೆ. ಚೆನ್ನಾಗಿ ಕುದಿಸಿದ್ರೆ ಎಲ್ಲಾ ಸರಿಹೋಗತ್ತೆ ಅಂತ ಅತ್ತೆ, ಎಲ್ಲಾ ಬಿಸಾಕೋಣ ಅಂತ ನಾನು. ದೊಡ್ಡ ಜಗಳ ಆಯ್ತು. ಯಾರು ಸರಿ?

ಇಬ್ರೂ ಅರ್ಧರ್ಧ ಸರಿ, ಆದ್ರೆ ಈ ಸಾಲನ್ನ ಅತ್ತೆ ಎದುರಿಗೆ ಓದ್ಬೇಡಿ. ಕರೆಂಟ್ ಹೋದಾಗ ಫ್ರಿಡ್ಜಿನ ಬಾಗಿಲು ತೆಗೀದೇ ಇದ್ರೆ ಒಳಗಿನ ತಂಪು ಸುಮಾರು 4 ಗಂಟೆ ಇರತ್ತೆ. ಬೇರೆ ಬಾಗಿಲಿರೋ ಫ್ರೀಜರ್ ಒತ್ತಾಗಿ ತುಂಬಿದ್ರೆ 48 ಗಂಟೆ, ಅರ್ಧ ತುಂಬಿದ್ರೆ 24 ಗಂಟೆ ಅಂತ ಲೆಕ್ಕ, ಅದೂ ಬಾಗಿಲು ಮುಚ್ಚೇ ಇದ್ರೆ. ಒಂದೇ ಬಾಗಿಲಿನ ಫ್ರಿಡ್ಜಲ್ಲಿ ಮೇಲ್ಗಡೆ ಇರತ್ತಲ್ಲ ಪುಟ್ಟ ಐಸ್ ಪೆಟ್ಟಿಗೆ, ಅದಕ್ಕೆ ಈ ಲೆಕ್ಕ ಹಚ್ಚಬೇಡಿ, ಹಾಲಿಗೆ ಅಂತ ಬಾಗಿಲು ತೆಗೆದಾಗೆಲ್ಲ ಅದರ ತಂಪೂ ಹೋಗ್ತಾ ಇರತ್ತೆ. ಕತ್ತಲೇಲಿ ಮೊಬೈಲ್ ಟಾರ್ಚ್ ಬಿಟ್ಕೊಂಡು ಐದು ನಿಮಿಷಕ್ಕೊಂದ್ಸಲ ಏನಾಗಿದೆ ಅಂತ ಇಣುಕಿ ನೋಡೋರು ಪ್ರತಿ ಮನೇಲೂ ಒಬ್ರು ಇದ್ದೇ ಇರ್ತಾರೆ, ನಮ್ಮನೇಲಿ ಅದು ನಮ್ಮ ಯಜಮಾನ್ರು, ಈಗೀಗ ಮಳೆ ಜೋರಾದ್ರೆ ಫ್ರಿಡ್ಜಿನ ಹಿಡಿಕೆಗೆ ಒಂದು ಹಳೇ ನಾಡಾ ಕಟ್ಟಿಬಿಡ್ತೀನಿ.

ಈಗ ನಿಮ್ಮ ಸಾಮಾನು ಒಂದೊಂದಾಗಿ ನೋಡೋಣ. ಹಾಲನ್ನ ಮೊದಲ 4 ಗಂಟೆ ಒಳಗೇ ಹೊರಗೆ ತೆಗೆದು ಕಾಯ್ಸಿ ಹೆಪ್ಪು ಹಾಕ್ಬಿಡಿ, ಮೊಸರು ಹುಳಿ ಆಗ್ಬೋದು, ಆದ್ರೆ ಹುಳಿ ಮೊಸರಿಗೆ ನಮ್ಮಲ್ಲಿ ದಾರಿ ಕಮ್ಮಿನಾ, ಮಜ್ಜಿಗೆಹುಳಿ ಇದೆ, ತಂಬುಳಿ ಇದೆ. ದೋಸೆ ಹಿಟ್ಟು ಹೇಗೂ ಹುಳಿ ಬರೋ ಪದಾರ್ಥ, ಅವತ್ತೇ ಹುಯ್ದು ಮುಗ್ಸಿ, ಪಕ್ಕದ ಮನೆಗೂ ಕೊಡಿ. ತುರಿದ ಕಾಯಿ ನಂಬಬೇಡಿ, ಬೇಗ ಜಿಡ್ಡು ವಾಸನೆ ಬರತ್ತೆ, ಕರೆಂಟ್ ಹೋದ ಕೂಡ್ಲೆ ಬೆಂಕಿ ಮೇಲೆ ಕೆಂಪಗೆ ಹುರಿದು ಬೆಳ್ಳುಳ್ಳಿ ಮೆಣಸು ಹುಣಸೆ ಹಾಕಿ ಒಣ ಚಟ್ನಿ ಮಾಡಿದ್ರೆ ಉಳೀತು. ಕಾಯಿ ಅರೆದು ಹಾಕಿದ ಹಳೇ ಸಾಂಬಾರು ತಂಪು ಬಿಟ್ಟು ಎರಡು ಗಂಟೆ ಮೀರಿದ್ರೆ ಮೋರಿಗೆ, ಅಲ್ಲಿ ನೀವು ಸರಿ. ತುಪ್ಪ, ಬೆಣ್ಣೆ, ಉಪ್ಪಿನಕಾಯಿ, ಜ್ಯಾಮು, ಹೆಚ್ಚದೇ ಇರೋ ತರಕಾರಿ, ಹಣ್ಣು ಇದ್ಯಾವ್ದೂ ಏನಾಗಲ್ಲ. ಮೊಟ್ಟೆ ಹೇಗೂ ಅಂಗಡೀಲಿ ಹೊರಗೇ ಇಟ್ಟಿರ್ತಾರೆ, ಬೇಗ ಮುಗ್ಸಿ, ಗಟ್ಟಿಯಾಗಿ ಬೇಯ್ಸಿ ತಿನ್ನಿ, ಹಾಫ್ ಬಾಯಿಲ್ ಬೇಡ.

ಚಿಕನ್ನಲ್ಲಿ ಇನ್ನೂ ಐಸಿನ ಹರಳು ಇದ್ದು ಮುಟ್ಟಿದ್ರೆ ಕೊರೀತಾ ಇದ್ರೆ ಅವತ್ತೇ ಬೇಯ್ಸಿ ತಿನ್ಬೋದು, ಕರೆಂಟ್ ಬಂದಿದ್ರೆ ವಾಪಸ್ ಫ್ರೀಜರಿಗೂ ಹಾಕ್ಬೋದು. ಮೆತ್ತಗಾಗಿ ನೀರು ಬಿಟ್ಟು ಬೆಚ್ಚಗಾಗಿ ಕೂತಿದ್ರೆ ಬೇಡ. ಮೀನಿಗೆ ಬಂದ್ರೆ ಇಲ್ಲಿ ಅತ್ತೆ ಪೂರ್ತಿ ತಪ್ಪು, ಯಾಕಂದ್ರೆ ಬಂಗಡೆ, ಭೂತಾಯಿ, ಟ್ಯೂನಾ ಈ ಜಾತಿ ಮೀನು ತಂಪಿಲ್ದೆ ಕೂತ್ರೆ ಅದರಲ್ಲಿ ಹಿಸ್ಟಮಿನ್ ಅನ್ನೋದು ಹುಟ್ಕೊಳ್ಳತ್ತೆ, ಅದು ಕುದಿಸಿದ್ರೂ ಹುರಿದ್ರೂ ಹೋಗಲ್ಲ, ವಾಸನೇನೂ ಪ್ರತಿ ಸಲ ಗೊತ್ತಾಗಲ್ಲ, ತಿಂದು ಅರ್ಧ ಗಂಟೇಲಿ ಮುಖ ಕೆಂಪಾಗಿ ಮೈಯೆಲ್ಲ ದದ್ದು ಬಂದು ತಲೆ ಸಿಡಿಯತ್ತೆ. ನಾನು ಅಂಕೋಲೆಯವ್ಳು, ಬಂಗಡೆ ಬಿಸಾಕೋದು ಎಷ್ಟು ಹೊಟ್ಟೆ ಉರಿ ಅಂತ ಚೆನ್ನಾಗಿ ಗೊತ್ತು. ಆದ್ರೂ ಬಿಸಾಕಿ. ಅದ್ರಲ್ಲೂ ನಮ್ಮ ಪಶ್ಚಿಮ ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಂತ ಮೇ ಕೊನೇಲಿ ಕೆಜಿಗಟ್ಲೆ ತಂದು ಫ್ರೀಜರಿಗೆ ತುಂಬೋರು ಇದ್ದೀರಲ್ಲ, ನೀವು ತುಂಬ್ತಿರೋದು ಸರಿಯಾಗಿ ಚಂಡಮಾರುತದ ಸೀಸನ್ನಿಗೆ. ಒಣಮೀನು ತನ್ನಿ. ಸುಕ್ಕಾ ಬೊಂಬಿಲ್, ಜವಳಾ ಯಾವ ಕರೆಂಟನ್ನೂ ಕೇಳಲ್ಲ.

ಇನ್ನೊಂದು, ಊರಿಗೆ ಹೋಗಿದ್ದಾಗ ಕರೆಂಟ್ ಹೋಗಿ ಬಂದಿದ್ಯೋ ಏನೋ ತಿಳ್ಕೊಳ್ಳೋಕೆ ಒಂದು ಚಿಕ್ಕ ಬಟ್ಟಲಲ್ಲಿ ನೀರು ಹಾಕಿ ಐಸ್ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಲ್ಲೇ ಬಿಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ರೆ ಚಿಂತೆ ಇಲ್ಲ, ತಳದಲ್ಲಿ ಹೋಗಿ ಕೂತಿದ್ರೆ ಎಲ್ಲಾ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಅರ್ಥ, ನೋಡೋಕೆ ಎಷ್ಟೇ ಗಟ್ಟಿ ಕಂಡ್ರೂ ತಿನ್ಬೇಡಿ.

ವಾಸ್ಕೋದಿಂದ ಒಬ್ಬ ಹುಡುಗ: ನಮಸ್ಕಾರ್ರೀ ಅಕ್ಕಾರ, ನಾ ಬಾಗಲಕೋಟಿ ಕಡೆಯಾಂವ, ಇಲ್ಲೆ ಕೆಲಸಕ್ಕ ಬಂದು ಆರು ವರ್ಷಾತು. ರೂಮಿನಾಗ ಗ್ಯಾಸ್ ಇಡಾಕ ಮಾಲಕ ಬಿಡಂಗಿಲ್ರೀ, ಇಂಡಕ್ಷನ್ ಒಂದ ಐತಿ. 2021ರಾಗ ತೌಕ್ತೆ ಚಂಡಮಾರುತ ಬಂದಾಗ ಎರಡ ದಿನ ಲೈಟ್ ಇರಲಿಲ್ಲ, ಮೂರೂ ಮಂದಿ ಬಿಸ್ಕೀಟ ತಿಂದ್ಕೊಂತ ಕುಂತಿದ್ವಿ, ನೋಡಿದ್ರ ಈಗೂ ಬಿಸ್ಕೀಟ ಸೇರಂಗಿಲ್ಲ. ಒಲಿ ಹಚ್ಚಲಾರದ ಹೊಟ್ಟಿ ತುಂಬೂ ಹಂಗ ಏನರ ಹೇಳ್ರಿ.

ಬಾಗಲಕೋಟೆ ಹುಡುಗ ಅಂಕೋಲೆ ಹೆಂಗಸಿನ ಹತ್ರ ಒಲೆ ಇಲ್ದೆ ಏನ್ ತಿನ್ಲಿ ಅಂತ ಕೇಳ್ತಾನಲ್ಲಪ್ಪಾ! ತಮ್ಮಾ, ನಿಮ್ಮ ಊರಿನ ಕಡಕ್ ಜೋಳದ ರೊಟ್ಟಿ ಇದ್ಯಲ್ಲ, ಗಾಳಿಮಳೆಗೆ ಅದಕ್ಕಿಂತ ಒಳ್ಳೇ ಊಟ ನನ್ನ ತಲೇಲಿ ಯಾವ್ದೂ ಇಲ್ಲ. ಚೆನ್ನಾಗಿ ಒಣಗಿದ್ದು ಡಬ್ಬಿ ಮುಚ್ಚಳ ಬಿಗಿ ಇದ್ರೆ ತಿಂಗಳುಗಟ್ಲೆ ಇರತ್ತೆ. ಮುಂದಿನ ಸಲ ಊರಿಂದ ಬರುವಾಗ ಐವತ್ತು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇಷ್ಟು ಕಟ್ಟಿಸ್ಕೊಂಡು ಬಾ. ಅಮ್ಮನಿಗೆ ಬಾಯಿ ಬಿಟ್ಟು ಹೇಳು ಯಾಕೆ ಅಂತ, ಇನ್ನೂ ಹೆಚ್ಚೇ ಕಟ್ತಾರೆ. ಚಟ್ನಿಗೆ ಎಣ್ಣೆ, ಒಂದು ಉಳ್ಳಾಗಡ್ಡಿ ಗುದ್ದಿ, ಸೌತೆಕಾಯಿ, ಅಷ್ಟೇ ಊಟ.

ಎರಡನೇದು ತೆಳು ಅವಲಕ್ಕಿ. ತೆಳುದೇ ಆಗ್ಬೇಕು, ದಪ್ಪ ಅವಲಕ್ಕಿ ನೆನೆಯೋಕೆ ಹೊತ್ತು ಬೇಕು, ಕಾಳು ನಡುವೆ ಗಟ್ಟಿ ಉಳಿಯತ್ತೆ. ಒಬ್ಬರಿಗೆ ಒಂದು ಹೊತ್ತಿಗೆ ಎರಡು ಹಿಡಿ ತುಂಬ ಸಾಕು. ಬಾಟ್ಲಿ ಪುಳಿಯೋಗರೆ ಗೊಜ್ಜು ಇದ್ರೆ ಎರಡು ಚಮಚ ತಗೊಂಡು ನಾಲ್ಕು ಚಮಚ ಕುಡಿಯೋ ನೀರಲ್ಲಿ ಕದಡಿ, ಸಣ್ಣ ತುಂಡು ಬೆಲ್ಲ ಅದ್ರಲ್ಲೇ ಕೈಯಲ್ಲಿ ಹಿಚುಕಿ ಕರಗ್ಸಿ, ಅವಲಕ್ಕಿ ಮೇಲೆ ಚಿಮುಕಿಸ್ತಾ ಬೆರಳ ತುದೀಲಿ ಮಾತ್ರ ಕಲೆಸು, ಅಂಗೈ ಹಾಕಿದ್ರೆ ಮುದ್ದೆ ಆಗತ್ತೆ. ಹುರಿದ ಶೇಂಗಾ ಹಾಕಿ ಹತ್ತು ನಿಮಿಷ ಮುಚ್ಚಿಡು. ನೀರು ಇನ್ನೂ ಬೇಕು ಅನ್ಸತ್ತೆ, ಹಾಕ್ಬೇಡ, ಹತ್ತು ನಿಮಿಷದಲ್ಲಿ ಅದೇ ಮೆತ್ತಗಾಗತ್ತೆ. ಚುರುಮುರಿಗೂ ಹಾಗೇ, ಒಗ್ಗರಣೆ ಇಲ್ದೇನೂ ಪುಟಾಣಿ ಹಿಟ್ಟು, ಹಸಿ ಎಣ್ಣೆ, ಖಾರದಪುಡಿ, ಉಳ್ಳಾಗಡ್ಡಿ, ಟೊಮೆಟೊ ಹಾಕಿ ಕಲೆಸಿದ್ರೆ ಗಿರ್ಮಿಟ್ಟಿನ ಚಿಕ್ಕಪ್ಪನ ಮಗ ಥರ ಆಗತ್ತೆ, ಹಸಿವಿಗೆ ಯಾರೂ ಕುಲ ಕೇಳಲ್ಲ. ಹುರಿಹಿಟ್ಟು ಒಂದು ಕೆಜಿ ಇಟ್ಕೋ, ಬೆಲ್ಲದ ನೀರಲ್ಲಿ ಕಲೆಸಿ ಉಂಡೆ ಕಟ್ಟಿದ್ರೆ ಬೆಳಗ್ಗಿನ ತಿಂಡಿ. ಹೆಸರುಬೇಳೆ ಒಂದು ಗಂಟೆ ಕುಡಿಯೋ ನೀರಲ್ಲಿ ನೆನೆಸಿ ನಿಂಬೆ ಉಪ್ಪು ಸೌತೆ ಹಾಕಿದ್ರೆ ಕೋಸಂಬರಿ, ಬೇಯಿಸೋದೇ ಬೇಡ, ನೆನೆಸಿದ ತಕ್ಷಣ ತಿಂದು ಮುಗ್ಸು.

ಇನ್ನೊಂದು ಉಪಾಯ ಇದೆ, ಇದಕ್ಕೆ ಕರೆಂಟ್ ಹೋಗೋ ಮುಂಚೆ ಕೆಲ್ಸ ಆಗ್ಬೇಕು. ಸಣ್ಣ ರವೆಯನ್ನ ಎಣ್ಣೇಲಿ ಸಾಸಿವೆ, ಕಡ್ಲೆಬೇಳೆ, ಕರಿಬೇವು, ಒಣಮೆಣಸು ಎಲ್ಲಾ ಹಾಕಿ ಘಂ ಅನ್ನೋವರೆಗೆ ಹುರಿದು ಉಪ್ಪು ಬೆರೆಸಿ ಆರಿಸಿ ಡಬ್ಬಿಗೆ ಹಾಕಿಡು, ಕರಿಬೇವು ಗರಿಗರಿ ಆಗ್ಲೇಬೇಕು, ಹಸಿ ಉಳಿದ್ರೆ ಡಬ್ಬಿ ಪೂರ್ತಿ ಮುಗ್ಗತ್ತೆ. ಹವಾಮಾನ ಇಲಾಖೆ ಆರೆಂಜ್ ಅಲರ್ಟೋ ರೆಡ್ ಅಲರ್ಟೋ ಕೊಟ್ಟ ದಿನ ಇಂಡಕ್ಷನ್ ಮೇಲೆ ನೀರು ಕುದಿಸಿ ಒಳ್ಳೇ ಥರ್ಮಾಸ್ ಫ್ಲಾಸ್ಕಿಗೆ ತುಂಬಿಡು. ಒಂದು ಲೋಟ ಮಿಶ್ರಣಕ್ಕೆ ಎರಡು ಲೋಟ ಸುಡೋ ನೀರು ಹಾಕಿ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ರೆ ಉಪ್ಪಿಟ್ಟು. ಇದು ಫ್ಲಾಸ್ಕ್ ತುಂಬಿದ ನಾಲ್ಕೈದು ಗಂಟೆ ಒಳಗೆ ಮಾತ್ರ, ನೀರು ಬೆಚ್ಚಗಷ್ಟೇ ಉಳಿದ್ರೆ ರವೆ ರವೆಯಾಗೇ ಇರತ್ತೆ, ಆಗ ಅವಲಕ್ಕಿಗೇ ಶರಣು.

ಮಾಲೀಕ್ರಿಗೆ ಒಂದ್ಸಲ ಕೇಳಿ ನೋಡು, 5 ಕೆಜಿಯ ಸಣ್ಣ ಸಿಲಿಂಡರ್ ಸಿಗತ್ತೆ, ಗುರುತಿನ ಚೀಟಿ ಸಾಕು, ಅಡ್ರೆಸ್ ಪ್ರೂಫ್ ಬೇಕಾಗಲ್ಲ. ಒಪ್ಪದೇ ಇದ್ರೆ ಕದ್ದು ಮಂಚದ ಕೆಳಗೆ ಇಟ್ಕೊಳ್ಳೋ ಕೆಲ್ಸ ಮಾತ್ರ ಬೇಡ. ಮತ್ತೆ ಕೈಯಲ್ಲಿ ಚಿಲ್ಲರೆ ನೋಟು ಇರ್ಲಿ, ಟವರ್ ಬಿದ್ದ ದಿನ ಬ್ರೆಡ್ ಮಾರೋ ಪೋದೇರ್ ಸೈಕಲ್ ಮೇಲೆ ಪೋಯಿ ಬ್ರೆಡ್ ತಂದ್ರೂ ಫೋನಲ್ಲಿ ದುಡ್ಡು ಹೋಗಲ್ಲ.

ಠಾಣೆಯಿಂದ, 17ನೇ ಮಹಡಿಯವರು: ಕರೆಂಟ್ ಹೋದ್ರೆ ಪಂಪ್ ಇಲ್ಲ, ಪಂಪ್ ಇಲ್ದಿದ್ರೆ ನೀರಿಲ್ಲ, ಪ್ಯೂರಿಫೈಯರ್ರೂ ಇಲ್ಲ. ಸೊಸೈಟಿ ಜನರೇಟರ್ ಲಿಫ್ಟಿಗೆ ಮಾತ್ರ. ಎಷ್ಟು ನೀರು ಇಟ್ಕೋಬೇಕು?

ಕುಡಿಯೋಕೆ ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡ್ಕೊಳ್ಳಿ, ನಾಲ್ಕು ಜನ ಮೂರು ದಿನ ಅಂದ್ರೆ 48 ಲೀಟರ್. ಕೇಳೋಕೆ ಭಾರಿ ಅನ್ಸತ್ತೆ, ಆದ್ರೆ 20 ಲೀಟರಿನ ಕ್ಯಾನು ಎರಡು, ಜೊತೆಗೆ ಫ್ರಿಡ್ಜಿನ ಬಾಟ್ಲಿಗಳು, ಮುಗೀತು. ಪಾತ್ರೆ, ಸಂಡಾಸಿಗೆ ಬಚ್ಚಲಿನ ಡ್ರಮ್ಮು ಬೇರೆ, ಅದನ್ನ ಅಲರ್ಟ್ ಬಂದ ದಿನವೇ ತುಂಬಿ. ಆರ್‌ಓ ನಿಂತ್ರೂ ಅದರ ಟ್ಯಾಂಕಲ್ಲಿ ಶುದ್ಧ ಆಗಿರೋ ನೀರು ಇರತ್ತೆ, ಅದು ಮರೀಬೇಡಿ. ಮುಗಿದ ಮೇಲೆ ನಲ್ಲಿ ನೀರನ್ನ ಬಟ್ಟೇಲಿ ಸೋಸಿ ಕೊತಕೊತ ಕುದಿಯೋಕೆ ಶುರು ಆದ ಮೇಲೆ ಒಂದು ನಿಮಿಷ ಬಿಟ್ಟು ಇಳ್ಸಿ. ಪ್ಲಾಸ್ಟಿಕ್ ಬಾಟ್ಲಿಗೆ ಮುಕ್ಕಾಲು ನೀರು ತುಂಬಿ ಫ್ರೀಜರಲ್ಲಿ ಖಾಲಿ ಇರೋ ಸಂದಿಗೆಲ್ಲ ತುರುಕಿ, ಕರೆಂಟ್ ಇರೋವರೆಗೆ ಅದು ಫ್ರೀಜರ್ ತುಂಬ್ಸತ್ತೆ, ಹೋದ ಮೇಲೆ ತಂಪು ಹಿಡಿಯತ್ತೆ, ಕರಗಿದ ಮೇಲೆ ಕುಡಿಯೋ ನೀರು. ಆ ದಿನಗಳಲ್ಲಿ ಪಾತ್ರೆ ತೊಳೆಯೋ ನೀರೂ ದುಬಾರಿ, ಪೇಪರ್ ತಟ್ಟೆ ಒಂದು ಕಟ್ಟು ಇಟ್ಕೊಂಡ್ರೆ ಯಾರೂ ನಿಮ್ಮನ್ನ ಸೋಮಾರಿ ಅನ್ನಲ್ಲ.

ಪುಣೆ, ಸಿಂಹಗಡ ರೋಡಿನಿಂದ ಒಬ್ಬ ತಾಯಿ: 2024ರ ಜುಲೈ 25ರ ಬೆಳಗ್ಗೆ ಖಡಕ್‌ವಾಸ್ಲಾ ಡ್ಯಾಮಿಂದ ನೀರು ಬಿಟ್ಟಾಗ ನಮ್ಮ ಏರಿಯಾಗೆ ನೀರು ನುಗ್ಗಿತ್ತು, ಕರೆಂಟೂ ಬಂದ್. ಆಗ ಮದುವೆ ಆಗಿ ಹೊಸದು, ಏನೂ ಅನ್ನಿಸ್ಲಿಲ್ಲ. ಈಗ ಹತ್ತು ತಿಂಗಳ ಮಗು ಇದೆ, ಯೋಚನೆ ಮಾಡಿದ್ರೇ ಭಯ. ಮಗುವಿಗೆ ಏನು ಇಟ್ಕೋಬೇಕು?

ಎದೆಹಾಲು ಕೊಡ್ತಾ ಇದ್ರೆ ಅರ್ಧ ಚಿಂತೆ ಕಳೀತು, ಅದನ್ನ ನಿಲ್ಲಿಸ್ಬೇಡಿ, ನೀವು ಮಾತ್ರ ಹೊಟ್ಟೆ ತುಂಬ ಉಣ್ಣಿ, ನೀರು ಕುಡೀರಿ. ಡಬ್ಬಿ ಹಾಲು ಕೊಡೋದಿದ್ರೆ ಒಂದ್ಸಲಕ್ಕೆ ಬೇಕಾದಷ್ಟೇ ಕಲೆಸಿ, ಕುದಿಸಿದ ನೀರು ಇನ್ನೂ ಸುಡ್ತಾ ಇರುವಾಗ್ಲೇ, ಅಂದ್ರೆ 70 ಡಿಗ್ರಿಗಿಂತ ಮೇಲೆ ಇರುವಾಗ ಪುಡಿ ಹಾಕಿ ಆಮೇಲೆ ಆರಿಸಿ ಕೊಡಿ. ಎರಡು ಗಂಟೆ ಒಳಗೆ ಮಗು ಕುಡೀದೇ ಇದ್ರೆ ಚೆಲ್ಲಿ. ಪಾಪ ದುಬಾರಿ ಹಾಲು ಅಂತ ಮತ್ತೆ ಬೆಚ್ಚಗೆ ಮಾಡಿ ಕುಡ್ಸೋದು ಬೇಡವೇ ಬೇಡ. ಬಾಟ್ಲಿ ಕುದಿಸೋಕೆ ಆಗದ ದಿನ ಸ್ಟೀಲ್ ಬಟ್ಟಲು ಚಮಚ ಒಳ್ಳೇದು, ತೊಳೆಯೋಕೆ ಸುಲಭ, ಸಂದಿಗೊಂದಿ ಇಲ್ಲ.

ಹತ್ತು ತಿಂಗಳಂದ್ರೆ ಊಟ ಶುರು ಆಗಿರತ್ತೆ. ನಮ್ಮ ರಾಗಿ ಸರಿ ಪುಡಿ ಇದಕ್ಕೇ ಅಂತ ಹುಟ್ಟಿದ್ದು, ಒಲೆ ಮೇಲೆ ಐದಾರು ನಿಮಿಷದ ಕೆಲ್ಸ. ಪುಣೇಲಿ ನಿಮ್ಮದು ಪೈಪ್ ಗ್ಯಾಸಾಗಿದ್ರೂ ಸಿಲಿಂಡರಾಗಿದ್ರೂ ಕರೆಂಟ್ ಹೋದ್ರೆ ಒಲೆಗೆ ಏನೂ ಆಗಲ್ಲ, ಒತ್ತಿದ್ರೆ ಹತ್ತಿಕೊಳ್ಳೋ ಬಟನ್ ಕೆಲವು ಒಲೇಲಿ ಕರೆಂಟಿಂದ ನಡ್ಯತ್ತೆ, ಅದು ಕೈಕೊಟ್ರೆ ಬೆಂಕಿಕಡ್ಡಿ ಗೀರಿ ಹತ್ತಿಸಿ, ಚಿಮಣಿ ತಿರುಗಲ್ಲ ಅಂತ ಕಿಟಕಿ ಸ್ವಲ್ಪ ತೆಗೆದಿಡಿ. ಅವಲಕ್ಕೀನ ಬರೀ ಬಾಣಲೇಲಿ ಹುರಿದು ನುಣ್ಣಗೆ ಪುಡಿ ಮಾಡಿಟ್ರೆ ಬಿಸಿನೀರು ಹಾಕಿದ ಕೂಡ್ಲೆ ಗಂಜಿ. ಮಿಕ್ಸಿ ಕೆಲ್ಸ ಎಲ್ಲಾ ಕರೆಂಟ್ ಇರುವಾಗ್ಲೇ ಮುಗ್ಸಿ, ಇದು ಎಷ್ಟು ಸಣ್ಣ ಮಾತು ಅನ್ಸತ್ತೋ ಆ ಹೊತ್ತಲ್ಲಿ ಅಷ್ಟೇ ದೊಡ್ಡದಾಗತ್ತೆ. ಏಲಕ್ಕಿ ಬಾಳೆಹಣ್ಣು ಅರೆ ಹಣ್ಣಾಗಿರೋ ಗೊನೆ ತನ್ನಿ, ಮೂರು ದಿನ ದಿನಕ್ಕಷ್ಟು ಹಣ್ಣಾಗ್ತಾ ಹೋಗತ್ತೆ. ಜೇನುತುಪ್ಪ ಒಂದು ವರ್ಷ ತುಂಬೋವರೆಗೆ ನೆಕ್ಕಿಸ್ಬೇಡಿ, ಅಜ್ಜಿಯಂದಿರು ಕೇಳಲ್ಲ, ನೀವು ಕೇಳಿ. ದೊಡ್ಡವ್ರ ಚಹಾಕ್ಕೆ ಟೆಟ್ರಾ ಪ್ಯಾಕ್ ಹಾಲು ನಾಲ್ಕು ಇಟ್ಕೊಳ್ಳಿ, ಒಡೆಯೋವರೆಗೆ ಫ್ರಿಡ್ಜ್ ಬೇಡ, ಒಡೆದ ಮೇಲೆ ಅದೂ ಎಲ್ಲಾ ಹಾಲಿನ ಹಾಗೇನೆ, ಅದಕ್ಕೆ ಲೀಟರಿಂದಕ್ಕಿಂತ ಸಣ್ಣ ಪ್ಯಾಕೆಟ್ಟೇ ತನ್ನಿ.

ನೆಲಮಹಡಿ ಆಗಿದ್ರೆ ಇನ್ನೊಂದು ಮಾತು. ಹೊಳೆ ನೀರು, ಗಟರ್ ನೀರು ಮುಟ್ಟಿದ ಅಕ್ಕಿ ಬೇಳೆ ಹಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ್ರೂ ಸರಿ, ತೊಳೆದು ಒಣಗಿಸಿ ಬಳಸ್ಬೇಡಿ. ಅದಕ್ಕೇ ಮಳೆಗಾಲದ ಡಬ್ಬಿಗಳೆಲ್ಲ ಅಟ್ಟದ ಮೇಲೆ.

ಡೊಂಬಿವಲಿಯಿಂದ ಒಬ್ಬ ಹಿರಿಯರು: ನನಗೆ 71, ಹೆಂಡ್ತಿಗೆ 66, ಅವಳಿಗೆ ಇನ್ಸುಲಿನ್. ಫ್ರಿಡ್ಜ್ ನಿಂತ್ರೆ ಇನ್ಸುಲಿನ್ ಹಾಳಾಗತ್ತಾ? ಬರೀ ಅವಲಕ್ಕಿ ಚುರುಮುರಿ ತಿಂದ್ರೆ ಶುಗರ್ ಏರತ್ತಲ್ಲ?

ಸರ್, ನಿಮ್ಮ ಎರಡನೇ ಪ್ರಶ್ನೆ ಓದಿ ನಂಗೆ ನಾಚಿಕೆ ಆಯ್ತು, ಮೇಲೆ ಅಷ್ಟುದ್ದ ಅವಲಕ್ಕಿ ಪುರಾಣ ಬರೆದವ್ಳಿಗೆ ಇದು ಹೊಳೀಲೇ ಇಲ್ಲ. ಬಳಕೇಲಿರೋ ಇನ್ಸುಲಿನ್ ಬಾಟ್ಲಿ ಅಥವಾ ಪೆನ್ನು ಸಾಮಾನ್ಯವಾಗಿ 30 ಡಿಗ್ರಿ ಒಳಗಿದ್ರೆ ನಾಲ್ಕು ವಾರ ಹೊರಗೆ ಇರತ್ತೆ, ಒಂದೊಂದು ಜಾತಿಗೆ ಒಂದೊಂದು ಲೆಕ್ಕ, ಡಬ್ಬಿ ಒಳಗಿನ ಚೀಟಿ ನೋಡಿ, ನಿಮ್ಮ ಡಾಕ್ಟರಿಗೆ ಮಳೆಗಾಲದ ಮುಂಚೇನೇ ಒಂದು ಮಾತು ಕೇಳಿಟ್ಕೊಳ್ಳಿ. ಒಡೆಯದೇ ಇರೋ ಸ್ಟಾಕಿಗೆ ಮಣ್ಣಿನ ಮಡಕೆ ಉಪಾಯ ಮಾಡ್ಬೋದು, ದೊಡ್ಡ ಮಡಕೇಲಿ ಒದ್ದೆ ಮರಳು ಹಾಕಿ ಅದರೊಳಗೆ ಚಿಕ್ಕ ಮಡಕೆ, ಚಿಕ್ಕದರೊಳಗೆ ಔಷಧಿ ಡಬ್ಬಿ, ಮೇಲೆ ಒದ್ದೆ ಬಟ್ಟೆ, ಗಾಳಿ ಆಡೋ ಕಡೆ. ನಮ್ಮ ಕಡೆ ಮಳೆಗಾಲದ ಹಸಿ ಗಾಳೀಲಿ ಇದು ಬೇಸಿಗೆಯಷ್ಟು ತಣ್ಣಗೆ ಮಾಡಲ್ಲ, ಆದ್ರೆ ಆಗ ಹೊರಗಿನ ಸೆಕೆಯೂ ಕಮ್ಮಿ. ಐಸಿಗೆ ನೇರ ತಾಗಿಸಿ ಇಡ್ಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಆಮೇಲೆ ಕರಗಿದ್ರೂ ಉಪಯೋಗಕ್ಕಿಲ್ಲ. ಊಟಕ್ಕೆ ಅಮ್ಮನವರಿಗೆ ಹುರಿಗಡಲೆ, ಶೇಂಗಾ, ನೆನೆಸಿದ ಹೆಸರುಬೇಳೆ ಕೋಸಂಬರಿ, ಕಡಕ್ ರೊಟ್ಟಿ ಚಟ್ನಿ, ಗ್ಯಾಸ್ ಇದ್ರೆ ಕಡಲೆ ಉಸಲಿ ಇಡಿ, ಮತ್ತೆ ಶುಗರ್ ಒಮ್ಮೆಲೆ ಇಳಿದ್ರೆ ಅಂತ ಸಕ್ಕರೆ ಡಬ್ಬಿ ಕತ್ತಲೇಲೂ ಕೈಗೆ ಸಿಗೋ ಜಾಗದಲ್ಲಿ.

ಮಡಗಾಂವಿನಿಂದ ಒಬ್ಬರು: ಇಲ್ಲಿ ನಮ್ಮ ಪಕ್ಕದ ಮನೆ ಆಂಟಿ ಮೇ ತಿಂಗಳಲ್ಲಿ ಪುರುಮೆಂತ್ ಅಂತ ಚೀಲಗಟ್ಲೆ ಸಾಮಾನು ತರ್ತಾರೆ. ನಾವೂ ಹಾಗೆ ಮಾಡ್ಬೇಕಾ? ನಾಲ್ಕು ಜನಕ್ಕೆ ಎಷ್ಟು? ತಂದ್ರೂ ಮಳೇಲಿ ಎಲ್ಲಾ ಮುಗ್ಗಿ ಹೋಗತ್ತೆ.

ಆ ಆಂಟಿ ಜೊತೆ ಸ್ನೇಹ ಗಟ್ಟಿ ಮಾಡ್ಕೊಳ್ಳಿ. ಪುರುಮೆಂತ್ ಪೋರ್ಚುಗೀಸರ ಕಾಲದಿಂದ ಬಂದ ಮಾತು, ಮಳೆಗಾಲಕ್ಕೆ ಅಂತ ಮೆಣಸು, ಹುಣಸೆ, ಕೋಕಂ, ಉಪ್ಪು, ಒಣಮೀನು, ಈರುಳ್ಳಿ ಎಲ್ಲಾ ಕೂಡಿಡೋದು, ಮಡಗಾಂವಲ್ಲಿ ಅದಕ್ಕಂತಲೇ ಫೆಸ್ತ್ ಆಗತ್ತೆ. ನಮ್ಮ ಅಂಕೋಲೆ ಕಡೆ ಹೆಸರಿರ್ಲಿಲ್ಲ ಅಷ್ಟೇ, ಕೆಲ್ಸ ಅದೇ. ಅಮ್ಮ ಹಲಸಿನ ಸೊಳೆ ಉಪ್ಪಲ್ಲಿ ಹಾಕಿ ಭರಣಿ ಬಾಯಿಗೆ ಬಟ್ಟೆ ಕಟ್ಟಿ ಕಲ್ಲು ಹೇರಿ ಇಡ್ತಿದ್ಲು, ಮಾವಿನಮಿಡಿ ಉಪ್ಪುನೀರಲ್ಲಿ, ಮುರುಗಲು ಸಿಪ್ಪೆ ಒಣಗಿಸಿ, ಹಪ್ಪಳ ಸಂಡಿಗೆ ಕಂಬಳಿ ನಡುವೆ. ಆಗೇನು ನಮಗೆ ಕರೆಂಟೇ ಇರ್ಲಿಲ್ಲ, ಹೋಗೋ ಮಾತೆಲ್ಲಿ.

ಎಷ್ಟು ಬೇಕು ಅಂದ್ರೆ ನನ್ನ ಅಳತೆಗೋಲು 2005ರ ಜುಲೈ 26. ಮುಂಬೈ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿದ್ದಿತ್ತಲ್ಲ, ಆಗ ನಾವು ಕಲೀನಾದಲ್ಲಿ ಎರಡನೇ ಮಾಳಿಗೆ. ಕೆಳಗಿನ ನಾಲ್ಕು ಮನೆಯವ್ರು ಮೇಲೆ ಬಂದ್ರು, ಆಫೀಸಿಂದ ನಡ್ಕೊಂಡು ಬಂದು ದಾರಿ ಸಿಗದೇ ನಿಂತಿದ್ದ ಇಬ್ಬರು ಹುಡುಗೀರನ್ನ ನಮ್ಮ ಮೈದುನ ಕರ್ಕೊಂಡು ಬಂದ, ಎಣಿಸಿದ್ರೆ 19 ತಲೆ. ಇದ್ದ ಅರ್ಧ ಕೊಡ ನೀರು ಹಿಟ್ಟು ಕಲೆಸೋಕೆ ಹಾಕೋದೋ ಕುಡಿಯೋಕೆ ಇಡೋದೋ ಅನ್ನೋ ಸ್ಥಿತಿ. ಊರಿಂದ ಬಂದಿದ್ದ ಮೂರು ಸೇರು ಅವಲಕ್ಕಿ ಇತ್ತು, ಪರಾತದಲ್ಲಿ ಸುರಿದು ಮಜ್ಜಿಗೆ ಹಾಕಿ ಉಪ್ಪಿನಕಾಯಿ ರಸ ಹಾಕಿ ಕಲೆಸಿದೆ, ಮೇಣದಬತ್ತಿ ಬೆಳಕಲ್ಲಿ ಎಲ್ರೂ ಪರಾತದ ಸುತ್ತ ಕೂತು ಕೈ ಹಾಕಿ ತಿಂದ್ರು, ಆ ಹುಡುಗೀರಲ್ಲಿ ಒಬ್ಳು ಗುಜರಾತಿ, ಇದಕ್ಕೇನಂತಾರೆ ಅಂತ ಮೂರು ಸಲ ಕೇಳಿದ್ಲು. ಅದಕ್ಕೇ ನಾನು ಮನೆ ಜನದ ಲೆಕ್ಕಕ್ಕೆ ಇನ್ನಿಬ್ಬರನ್ನ ಸೇರಿಸಿಯೇ ಸಾಮಾನು ತರೋದು.

ನಾಲ್ಕು ಜನ ಮೂರು ದಿನಕ್ಕೆ ನಾನಾಗಿದ್ರೆ ತೆಳು ಅವಲಕ್ಕಿ ಒಂದೂವರೆ ಕೆಜಿ, ಚುರುಮುರಿ ಅರ್ಧ ಕೆಜಿ, ಹುರಿದ ರವೆ ಒಂದು ಕೆಜಿ, ಹೆಸರುಬೇಳೆ, ಶೇಂಗಾ, ಹುರಿಗಡಲೆ, ಬೆಲ್ಲ ಅರ್ಧರ್ಧ ಕೆಜಿ, ಎರಡು ಥರ ಚಟ್ನಿಪುಡಿ, ಹಾಲಿನ ಪುಡಿ ಒಂದು ಪ್ಯಾಕೆಟ್, ನಿಂಬೆಹಣ್ಣು ಹತ್ತು, ಈರುಳ್ಳಿ ಆಲೂಗಡ್ಡೆ ಇಷ್ಟು ಇಡ್ತೀನಿ. ದಿನಾ ತಿನ್ನೋದನ್ನೇ ಇಡಿ. ಯಾರೋ ಹೇಳಿದ್ರು ಅಂತ ಡಬ್ಬಿ ಬೀನ್ಸು ತಂದು ಎರಡು ವರ್ಷ ಆದ್ಮೇಲೆ ತುಕ್ಕು ಹಿಡಿದಿದ್ದು ಬಿಸಾಕಿದವ್ರು ನನಗೆ ಗೊತ್ತು. ಹಳೇದನ್ನ ಮುಂದೆ ಹೊಸದನ್ನ ಹಿಂದೆ ಇಟ್ಟು ತಿಂತಾ ತುಂಬ್ತಾ ಇರಿ. ನಿಸರ್ಗ ಚಂಡಮಾರುತ ಬಂದಿತ್ತಲ್ಲ 2020ರ ಜೂನ್ 3ಕ್ಕೆ, ರಾಯಗಡ ಕರಾವಳಿಯ ಎಷ್ಟೋ ಊರಿಗೆ ವಾರಗಟ್ಲೆ ಕರೆಂಟ್ ಇರ್ಲಿಲ್ಲ, ಹಳ್ಳಿ ಬದಿ ಮನೆ ಆದ್ರೆ ಮೂರು ದಿನದ ಲೆಕ್ಕ ಸಾಲಲ್ಲ, ಒಂದು ವಾರದ್ದು ಹಿಡೀರಿ.

ಮುಗ್ಗೋ ವಿಷ್ಯಕ್ಕೆ, ಮೇ ತಿಂಗಳ ಕೊನೇ ಬಿಸಿಲಲ್ಲಿ ಬೇಳೆಕಾಳು ಒಂದ್ಸಲ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ಬಿಸಿ ಬಿಸಿ ಹಾಕಿದ್ರೆ ಒಳಗೇ ಬೆವರತ್ತೆ. ಬಿಸಿಲು ಸಿಗ್ಲಿಲ್ವಾ, ಬಾಣಲೇಲಿ ಬೆಚ್ಚಗೆ ಮಾಡಿ. ಬೇಳೆಗೆ ನಾಲ್ಕು ಒಣಮೆಣಸು, ಅಕ್ಕಿಗೆ ಬೇವಿನೆಲೆ ಒಣಗಿಸಿ ಹಾಕಿ, ನಮ್ಮಮ್ಮ ಲವಂಗ ಹಾಕ್ತಿದ್ಲು. ದೊಡ್ಡ ಡಬ್ಬಿ ಒಂದಕ್ಕಿಂತ ಸಣ್ಣ ಡಬ್ಬಿ ನಾಲ್ಕು ವಾಸಿ, ಒಂದು ತೆಗೆದ್ರೆ ಉಳಿದ ಮೂರಕ್ಕೆ ಹಸಿ ಗಾಳಿ ತಾಗಲ್ಲ.

ಮೀರಾ ರೋಡಿನಿಂದ: ಗ್ಯಾಸ್ ಮುಗಿದ್ರೆ ಇದ್ದಿಲು ಸಿಗಡಿ ಮನೆ ಒಳಗೆ ಹಚ್ಚಬಹುದಾ?

ಬೇಡ. ಮಳೆ ಎರಚಲು ಅಂತ ಕಿಟಕಿ ಮುಚ್ಚಿರ್ತೀರಿ, ಇದ್ದಿಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೇನೂ ಇಲ್ಲ ಹೊಗೆಯೂ ಇಲ್ಲ, ತಲೆ ಭಾರ ಆಗಿ ನಿದ್ದೆ ಬಂದ ಹಾಗಾಗತ್ತೆ, ಎಚ್ಚರ ಆಗಲ್ಲ. ಒಂದು ಕಿಟಕಿ ತೆಗೆದಿದ್ದೀನಿ ಅನ್ನೋದೂ ಸಾಲಲ್ಲ. ಎರಡನೇ ಸಿಲಿಂಡರ್ ತುಂಬಿಸಿ ಇಟ್ಕೊಳ್ಳಿ, ಇಲ್ಲಾ ಮೇಲೆ ವಾಸ್ಕೋ ಹುಡುಗನಿಗೆ ಹೇಳಿದ್ದು ಓದಿ.

ಪುಣೆ, ಚಿಂಚವಾಡದಿಂದ ಒಬ್ಬ ಹುಡುಗಿ: ಆಂಟಿ, ರಾತ್ರಿ ಉಳಿದ ಅನ್ನ ಫ್ರಿಡ್ಜ್ ಇಲ್ದಾಗ ಬೆಳಗ್ಗೆ ಚಿತ್ರಾನ್ನ ಮಾಡ್ಬೋದಾ? ಬಿಸಿ ಮಾಡೇ ಮಾಡ್ತೀವಲ್ಲ.

ಎಲ್ರೂ ಮಾಡ್ತೀವಿ ಪುಟ್ಟಾ, ನಾನೂ ಮಾಡಿದ್ದೀನಿ, ಒಂದ್ಸಲ ಇಡೀ ಮನೆ ಬಚ್ಚಲಿನ ಮುಂದೆ ಸಾಲು ನಿಂತ ಮೇಲೆ ಬಿಟ್ಟೆ. ಅಕ್ಕೀಲಿ ಒಂದು ಜಾತಿ ಬ್ಯಾಕ್ಟೀರಿಯಾದ ಬೀಜ ಇರತ್ತೆ, ಅನ್ನ ಬೇಯಿಸಿದ್ರೂ ಅದು ಸಾಯಲ್ಲ, ಬೆಚ್ಚಗೆ ಕೂತ ಅನ್ನದಲ್ಲಿ ಮೊಳೆತು ವಿಷ ಬಿಡತ್ತೆ, ಆ ವಿಷ ಒಗ್ಗರಣೆಗೆಲ್ಲ ಬಗ್ಗಲ್ಲ. ಹಾಗಾಗಿ ಕರೆಂಟ್ ಇಲ್ದ ದಿನ ಒಂದು ಹೊತ್ತಿಗೆ ಆಗೋಷ್ಟೇ ಅಕ್ಕಿ ಇಡು, ಸ್ವಲ್ಪ ಕಮ್ಮೀನೇ ಇಡು, ಬಡಿಸಿ ಮುಗಿದ ಮೇಲೆ ಯಾರಿಗಾದ್ರೂ ಇನ್ನೂ ಹಸಿವಿದ್ರೆ ಚುರುಮುರಿ ಡಬ್ಬಿ ಮುಂದಿಡು.

ಅಂದ ಹಾಗೆ ಬೆಂಕಿಪೊಟ್ಟಣ ಮಳೇಲಿ ಥಂಡಿ ಹಿಡಿದು ಗೀರಿದ್ರೆ ಹತ್ತೋದೇ ಇಲ್ಲ ಅಂತ ಮೂರು ಜನ ಬರೆದಿದ್ದೀರಿ. ಖಾಲಿ ಗಾಜಿನ ಉಪ್ಪಿನಕಾಯಿ ಬಾಟ್ಲಿ ತೊಳೆದು ಒಣಗಿಸಿ, ತಳಕ್ಕೆ ಒಂದು ಚಮಚ ಹುರಿದ ಅಕ್ಕಿ, ಮೇಲೆ ಪೊಟ್ಟಣ, ಮುಚ್ಚಳ ಬಿಗಿ. ಬಾಟ್ಲಿ ಗ್ಯಾಸಿನ ಒಲೆ ಬಲಗಡೆಗೇ ಇರ್ಲಿ, ಎಡಗೈಯವ್ರಾದ್ರೆ ಎಡಕ್ಕೆ.